ಲೈವ್ ಸಂಗೀತವಿರುವ ರೆಸ್ಟೋರೆಂಟಿಗೆ ಮೇಜಿನ ಜಾದೂ ಒಗ್ಗುತ್ತದೆಯೇ?

ರೆಸ್ಟೋರೆಂಟ್ ಮಾಲೀಕರೊಬ್ಬರ ಪ್ರಶ್ನೆ:

ನಮ್ಮಲ್ಲಿ ವಾರಕ್ಕೆ 3 ಸಂಜೆ ಒಬ್ಬ ಗಾಯಕಿ ಮತ್ತು ಒಬ್ಬ ಗಿಟಾರ್ ವಾದಕರು ಕಾರ್ಯಕ್ರಮ ಕೊಡುತ್ತಾರೆ. ಈಗ ಜಾದೂಗಾರರೊಬ್ಬರು ಬಂದು, ಅದೇ ಸಂಜೆಗಳಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಜಾದೂ ತೋರಿಸಲು ಅವಕಾಶ ಕೇಳಿದ್ದಾರೆ. ಅವರ ಕೈಚಳಕ ನಿಜಕ್ಕೂ ಚೆನ್ನಾಗಿದೆ. ಆದರೆ ಒಂದೇ ಕೋಣೆಯಲ್ಲಿ ಹಾಡೂ ಜಾದೂವೂ ಒಟ್ಟಿಗೆ ನಡೆದರೆ ಗ್ರಾಹಕರಿಗೆ ಅತಿಯಾದೀತೇ, ಹಾಡುವವರಿಗೆ ಬೇಸರವಾದೀತೇ ಎಂಬ ಅಳುಕು ನನ್ನದು. ಎರಡನ್ನೂ ಹತ್ತಿರದಿಂದ ಕಂಡವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

12 ವರ್ಷಗಳಿಂದ ಮೇಜಿನ ಜಾದೂ ಮಾಡುತ್ತಿರುವವರು:

ಒಗ್ಗುತ್ತದೆ, ಆದರೆ ಸಂಗೀತ ಬಿಟ್ಟುಕೊಟ್ಟ ಸಮಯದಲ್ಲಿ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಲೈವ್ ಸಂಗೀತವಿದ್ದ ಒಂದು ರೆಸ್ಟೋರೆಂಟಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ವೇದಿಕೆಗೆ ಸಮೀಪದ ಮೇಜಿನಲ್ಲಿ ಕುಳಿತಿದ್ದ ಆರು ಜನರ ಗುಂಪಿಗೆ ಉಂಗುರದ ಜಾದೂ ತೋರಿಸುತ್ತಿದ್ದೆ. ಅವರಲ್ಲೊಬ್ಬರಿಂದ ಪಡೆದ ಉಂಗುರ ನನ್ನ ಮುಷ್ಟಿಯಿಂದ ಮಾಯವಾಗಿ ನನ್ನದೇ ಬೀಗದ ಕೈ ಗೊಂಚಲಿನಲ್ಲಿ ಸಿಕ್ಕಿಕೊಂಡದ್ದು ಕಂಡಾಗ ಇಡೀ ಮೇಜು ಕಿರುಚಿ ಚಪ್ಪಾಳೆ ತಟ್ಟಿತು. ಅದೇ ಕ್ಷಣದಲ್ಲಿ ಗಾಯಕಿ ಕಣ್ಣು ಮುಚ್ಚಿ, ಗಿಟಾರನ್ನೂ ನಿಲ್ಲಿಸಿ, ಹಾಡಿನ ಕೊನೆಯ ಸಾಲನ್ನು ಬರಿಯ ದನಿಯಲ್ಲಿ ಎಳೆಯುತ್ತಿದ್ದರು. ಅವರು ಕಣ್ಣು ತೆರೆದಾಗ ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಬಿಡುವಿನಲ್ಲಿ ಹೋಗಿ ಕ್ಷಮೆ ಕೇಳಿದೆ. ‘ಜಾದೂ ಮಾಡಿದ್ದಕ್ಕೆ ಬೇಸರವಿಲ್ಲ, ಆ ಸಾಲು ಮುಗಿಯುವ ತನಕ ಉಂಗುರವನ್ನು ಇಟ್ಟುಕೊಳ್ಳಬಹುದಿತ್ತಲ್ಲ’ ಎಂದರು. ಅಂದಿನಿಂದ ಅವರು ಆ ಸಂಜೆ ಹಾಡುವ ಹಾಡುಗಳ ಪಟ್ಟಿಯನ್ನು ಮೊದಲೇ ಕೇಳಿ ಪಡೆದು, ಮೆಲುದನಿಯ ಹಾಡುಗಳ ಹೊತ್ತಿನಲ್ಲಿ ಯಾವ ಮೇಜಿಗೂ ಹೋಗದಿರುವುದನ್ನು ರೂಢಿ ಮಾಡಿಕೊಂಡೆ.

ನಿಮ್ಮ ಜಾದೂಗಾರರನ್ನು ಪರೀಕ್ಷಿಸುವಾಗ ಅವರ ಕೈಯನ್ನಷ್ಟೇ ನೋಡಬೇಡಿ, ಅವರ ಬಾಯಿಯನ್ನೂ ಗಮನಿಸಿ. ಸುತ್ತಲಿನ ಸದ್ದು ಏರಿದಂತೆ ನಾವು ನಮಗರಿವಿಲ್ಲದೆಯೇ ದನಿ ಏರಿಸುತ್ತೇವೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ನಿಂತಿದೆ. ಕಥೆ ಹೇಳುತ್ತ ಜಾದೂ ಮಾಡುವವರು ಸ್ಪೀಕರಿನ ಸದ್ದಿನಲ್ಲಿ ದನಿ ಏರಿಸುತ್ತಾರೆ, ಮೇಜಿನವರೂ ಏರಿಸುತ್ತಾರೆ, ಪಕ್ಕದ ಮೇಜಿನವರು ಅದನ್ನು ಮೀರಿ ಮಾತನಾಡಬೇಕಾಗುತ್ತದೆ, ಕೊನೆಗೆ ಹಾಡುವವರು ಮೈಕಿನ ಸದ್ದು ಹೆಚ್ಚಿಸುತ್ತಾರೆ. ಆದ್ದರಿಂದ ಸಂಗೀತವಿರುವಲ್ಲಿ ಮಾತು ಬೇಡದ ಜಾದೂವೇ ಬೇಕು: ಸ್ಪಂಜಿನ ಚೆಂಡುಗಳು, ನಾಣ್ಯಗಳು, ರಬ್ಬರ್ ಬ್ಯಾಂಡು, ಬಣ್ಣ ಬದಲಿಸುವ ಇಸ್ಪೀಟು ಎಲೆ. ‘ಒಂದು ಸಂಖ್ಯೆ ನೆನೆಸಿಕೊಳ್ಳಿ, ಅದನ್ನು ಎರಡರಿಂದ ಗುಣಿಸಿ’ ಎನ್ನುವಂಥವು ಅಲ್ಲಿ ನಡೆಯುವುದಿಲ್ಲ. ಹಾಗೆಂದು ಮಾತಿಲ್ಲದ ಜಾದೂ ಕಳಪೆಯದೆಂದು ಯಾರೂ ಭಾವಿಸಬಾರದು. ಕಾರ್ಡಿನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ರಿಚರ್ಡ್ ಪಿಚ್‌ಫೋರ್ಡ್ (1895–1973) ಸಂಗೀತದ ಹಿನ್ನೆಲೆಯಲ್ಲಿ, ಹೆಚ್ಚುಕಡಿಮೆ ಮೌನವಾಗಿ, ಎಲೆಗಳನ್ನೂ ಬಿಲಿಯರ್ಡ್ಸ್ ಚೆಂಡುಗಳನ್ನೂ ಬೆರಳ ತುದಿಯಲ್ಲಿ ಆಡಿಸಿಯೇ ತಮ್ಮ ಕಾಲದ ಅತಿ ದೊಡ್ಡ ಹೆಸರುಗಳಲ್ಲಿ ಒಂದಾದರು. ಇದಕ್ಕೆ ವಿರುದ್ಧವಾಗಿ, ಚಿಕಾಗೋದ ಜಾದೂಗಾರ ಮ್ಯಾಟ್ ಶೂಲಿಯನ್ ತಮ್ಮ ಸ್ವಂತ ರೆಸ್ಟೋರೆಂಟಿನಲ್ಲಿ ಇಸ್ಪೀಟು ಕಟ್ಟನ್ನು ಗೋಡೆಗೆ ಎಸೆದು, ಗ್ರಾಹಕರು ಆರಿಸಿದ ಎಲೆಯೊಂದೇ ಅಲ್ಲಿ ಅಂಟಿಕೊಳ್ಳುವಂತೆ ಮಾಡುತ್ತಿದ್ದರು. ಅದ್ಭುತವೇ ಹೌದು, ಆದರೆ ಹಾಡಿನ ನಡುವೆ ಮಾಡುವಂಥದ್ದಲ್ಲ.

ರೆಸ್ಟೋರೆಂಟುಗಳಲ್ಲಿ ಹಾಡುತ್ತ ಬಂದಿರುವ ಒಬ್ಬರು:

ಮೇಲಿನವರು ಹೇಳಿದ್ದನ್ನು ವೇದಿಕೆಯ ಮೇಲಿನಿಂದ ನೋಡಿದವಳಾಗಿ ಒಪ್ಪುತ್ತೇನೆ. ಊಟ ಮಾಡುವವರು ನಮ್ಮತ್ತ ನೋಡದಿದ್ದರೂ ನಮಗೆ ಅಷ್ಟೊಂದು ನೋವಾಗುವುದಿಲ್ಲ, ಏಕೆಂದರೆ ಬೆನ್ನು ಹಾಕಿ ಕುಳಿತವರ ಪಾದವೂ ತಾಳಕ್ಕೆ ಅಲುಗುತ್ತಿರುವುದು ನಮಗೆ ಕಾಣುತ್ತಿರುತ್ತದೆ. ಜಾದೂ ಹಾಗಲ್ಲ. ಅದು ಕಣ್ಣನ್ನೂ ಮನಸ್ಸನ್ನೂ ಪೂರ್ತಿಯಾಗಿ ಕೇಳುತ್ತದೆ, ಆ ಐದು ನಿಮಿಷ ಆ ಮೇಜಿಗೆ ಹಾಡು ಕೇಳಿಸುವುದೇ ಇಲ್ಲ. ಒಂದು ಮೇಜನ್ನು ಹೀಗೆ ಬಿಟ್ಟುಕೊಡಲು ನನಗೆ ತೊಂದರೆಯಿಲ್ಲ, ಯಾವ ಮೇಜು, ಯಾವ ಹೊತ್ತು ಎಂದು ಮೊದಲೇ ತಿಳಿದಿದ್ದರೆ ಸಾಕು.

ನಾವು ಸಾಮಾನ್ಯವಾಗಿ 45 ನಿಮಿಷ ಹಾಡಿ 15 ನಿಮಿಷ ಬಿಡುವು ತೆಗೆದುಕೊಳ್ಳುತ್ತೇವೆ. ಸಂಗೀತ ನಿಂತ ಕೂಡಲೇ ಕೋಣೆಯ ಕಳೆ ಇಳಿದು, ಬಿಲ್ ಕೇಳುವವರು ಹೆಚ್ಚಾಗುವುದನ್ನು ನಾನು ಎಷ್ಟೋ ಸಂಜೆ ಕಂಡಿದ್ದೇನೆ. ಜಾದೂಗಾರರು ಆ 15 ನಿಮಿಷವನ್ನು ತುಂಬಿಕೊಟ್ಟ ಕಡೆ ನಾನು ಮರಳಿ ಬಂದಾಗ ಜನ ಇನ್ನೂ ಕುಳಿತೇ ಇದ್ದರು, ಮುಖಗಳೂ ಅರಳಿದ್ದವು. ಲಾಸ್ ಏಂಜಲೀಸ್ ನಗರದಲ್ಲಿ 1963ರಿಂದ ನಡೆಯುತ್ತಿರುವ ಮ್ಯಾಜಿಕ್ ಕ್ಯಾಸಲ್ ಎಂಬ ಜಾದೂಗಾರರ ಕ್ಲಬ್ಬಿನಲ್ಲಿ ಊಟವೂ ಇದೆ, ಕೋರಿದ ಹಾಡನ್ನು ತಾನಾಗಿಯೇ ನುಡಿಸುವ ‘ಇರ್ಮಾ’ ಎಂಬ ಅದೃಶ್ಯ ವಾದಕಿಯ ಪಿಯಾನೋವೂ ಇದೆ, ಆದರೆ ಹತ್ತಿರದಿಂದ ನೋಡುವ ಜಾದೂಗೆ ಬೇರೆಯೇ ಒಂದು ಸಣ್ಣ ಕೋಣೆಯಿದೆ. ನಿಮಗಿರುವುದು ಒಂದೇ ಕೋಣೆಯಾದ್ದರಿಂದ ನೀವು ಸಮಯವನ್ನು ಭಾಗ ಮಾಡಬೇಕಾಗುತ್ತದೆ.

ಮುಜುಗರದ ವಿಷಯವೊಂದಿದೆ, ಆದರೂ ಹೇಳಲೇಬೇಕು. ನಮ್ಮ ಟಿಪ್ಸ್ ಡಬ್ಬ ವೇದಿಕೆಯ ಬಳಿ ಇರುತ್ತದೆ, ಜಾದೂಗಾರರಾದರೋ ಗ್ರಾಹಕರ ಎದುರಿಗೇ ನಿಂತಿರುತ್ತಾರೆ. ಒಂದು ಕಡೆ ಈ ಕಾರಣಕ್ಕೇ ಇಬ್ಬರು ಒಳ್ಳೆಯ ಕಲಾವಿದರ ನಡುವೆ ಮಾತು ನಿಂತುಹೋಯಿತು. ಟಿಪ್ಸ್ ಹಂಚಿಕೊಳ್ಳುವುದೋ, ಬೇರೆಯಾಗಿಡುವುದೋ, ಜಾದೂಗಾರರಿಗೆ ನಿಗದಿತ ಸಂಭಾವನೆ ಕೊಟ್ಟು ಟಿಪ್ಸ್ ಬೇಡವೆನ್ನುವುದೋ, ಅದನ್ನು ನೀವೇ ಮೊದಲ ದಿನಕ್ಕೆ ಮುಂಚೆ ಮೂವರನ್ನೂ ಕೂರಿಸಿಕೊಂಡು ತೀರ್ಮಾನಿಸಿ.

ರೆಸ್ಟೋರೆಂಟಿನ ಮೇಲ್ವಿಚಾರಕರೊಬ್ಬರು:

ನಮ್ಮಲ್ಲಿ ತೊಂದರೆ ಬಂದದ್ದು ಸಂಗೀತದಿಂದಲ್ಲ, ಅಡುಗೆಮನೆಯಿಂದ. ಮೊದಲು ಬಂದ ಜಾದೂಗಾರರು ಒಂದೇ ಮೇಜಿನಲ್ಲಿ 20 ನಿಮಿಷ ನಿಂತರು, ಬಿಸಿ ತಟ್ಟೆಗಳನ್ನು ಹಿಡಿದ ವೇಟರ್ ಅವರ ಬೆನ್ನ ಹಿಂದೆ ದಾರಿ ಕಾಯುತ್ತಿದ್ದರು. ಎರಡನೆಯವರು ಬಂದ ದಿನವೇ ವೇಟರುಗಳ ಜೊತೆ ಮಾತನಾಡಿ, ಆರ್ಡರ್ ತೆಗೆದುಕೊಂಡ ಮೇಲೆ ಊಟ ಬರುವ ಮೊದಲು ಮಾತ್ರ ಮೇಜಿಗೆ ಹೋಗುವುದೆಂದೂ, 5ರಿಂದ 7 ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂದೂ, ತಟ್ಟೆ ಬಂದರೆ ಜಾದೂ ಅರ್ಧದಲ್ಲಿದ್ದರೂ ಪಕ್ಕಕ್ಕೆ ಸರಿಯುವುದೆಂದೂ ಒಪ್ಪಿಕೊಂಡರು. ಹಾಗೆಯೇ ನಡೆದುಕೊಂಡರು ಕೂಡ.

ಸಂಗೀತ ಎಲ್ಲರಿಗೂ ಕೇಳುತ್ತದೆ, ಬೇಡವಾದವರು ಅದನ್ನು ಹಿನ್ನೆಲೆಗೆ ತಳ್ಳಿ ತಮ್ಮ ಮಾತು ಮುಂದುವರಿಸಬಹುದು. ಎದುರಿಗೆ ಬಂದು ನಿಂತ ಮನುಷ್ಯನನ್ನು ಹಾಗೆ ತಳ್ಳಲಾಗದು. ಎಷ್ಟೋ ಗ್ರಾಹಕರು ‘ಬೇಡ’ ಎನ್ನಲು ಸಂಕೋಚಪಟ್ಟು ಸಹಿಸಿಕೊಂಡು ಕೂರುತ್ತಾರೆ, ಮತ್ತೆ ಬರುವುದಿಲ್ಲ. ಅದಕ್ಕಾಗಿ ನಾವು ಪ್ರತಿ ಮೇಜಿನ ಮೇಲೂ ಒಂದು ಚೀಟಿ ಇಟ್ಟು, ಜಾದೂ ನೋಡಲು ಇಷ್ಟವಿದ್ದರೆ ವೇಟರ್‌ಗೆ ತಿಳಿಸಿ ಎಂದು ಬರೆದೆವು. ಕೇಳಿದವರ ಮೇಜಿಗೆ ಮಾತ್ರ ಜಾದೂಗಾರರು ಹೋಗುತ್ತಾರೆ. ಅಲ್ಲಿ ನಗು ಕಂಡ ಪಕ್ಕದ ಮೇಜಿನವರು ತಾವೇ ಕರೆಯುತ್ತಾರೆ. ನಾಲ್ಕು ವಾರ ಪ್ರಯೋಗ ಮಾಡಿ ನೋಡಿ. ಮೊದಲು ಸಂಗೀತವಿಲ್ಲದ ಒಂದು ಸಂಜೆ, ಆಮೇಲೆ ಸಂಗೀತವಿರುವ ಒಂದು ಸಂಜೆ ಇಟ್ಟುಕೊಂಡರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಗ್ರಾಹಕರೊಬ್ಬರು:

ನನ್ನ ತಂದೆಯವರು ಶ್ರವಣಸಾಧನ ಬಳಸುತ್ತಾರೆ. ಗದ್ದಲದ ಜಾಗದಲ್ಲಿ ಅದು ಮಾತನ್ನೂ ಸಂಗೀತವನ್ನೂ ತಟ್ಟೆ ಚಮಚಗಳ ಸದ್ದನ್ನೂ ಕಲಸಿಬಿಡುತ್ತದೆ, ಹೀಗಾಗಿ ಲೈವ್ ಸಂಗೀತವಿರುವ ಕಡೆ ಹೋದರೆ ಅವರು ಸುಮ್ಮನೆ ಕುಳಿತಿದ್ದು ನಾವು ನಕ್ಕಾಗ ನಗುತ್ತಾರೆ. ಒಮ್ಮೆ ಹಾಡು ನಡೆಯುತ್ತಿರುವಾಗಲೇ ಜಾದೂಗಾರರೊಬ್ಬರು ಬಂದು, ಒಂದು ಮಾತೂ ಆಡದೆ, ಕೆಂಪು ಸ್ಪಂಜಿನ ಚೆಂಡೊಂದನ್ನು ತಂದೆಯವರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದರು. ಇನ್ನೊಂದನ್ನು ತಮ್ಮ ಕೈಯಲ್ಲಿ ಹಿಡಿದು, ಊದಿ, ಖಾಲಿ ಅಂಗೈ ತೋರಿಸಿದರು. ತಂದೆಯವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಾಗ ಎರಡು ಚೆಂಡುಗಳು ಅರಳಿ ಹೊರಬಂದವು. ಆ ಸಂಜೆ ನಮ್ಮ ಮೇಜಿನಲ್ಲಿ ಮೊದಲು ನಕ್ಕವರು ಅವರೇ. ಹಾಡುತ್ತಿದ್ದವರಿಗೆ ಅದರಿಂದ ಎಳ್ಳಷ್ಟೂ ತೊಂದರೆಯಾಗಲಿಲ್ಲ.