ಗುಳೆ ಹೋಗುವ ಮನೆಯ ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು ಹೇಗೆ?

ದೇವದುರ್ಗದ ಯುವತಿ ಸಂಘ:
ಎಲ್ಲರಿಗೂ ನಮಸ್ಕಾರ. ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ತಾಂಡಾ. ಪ್ರತಿ ಜೂನ್‌ನಲ್ಲಿ ಶಾಲೆಯ ಮಕ್ಕಳಿಗೆ ಬ್ಯಾಗು, ನೋಟ್‌ಬುಕ್ ಹಂಚುತ್ತೇವೆ. ದೀಪಾವಳಿ ಮುಗಿಯುತ್ತಿದ್ದಂತೆ ಅದೇ ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ಮಕ್ಕಳು ಕೂಲಿ ಅರಸಿ ಹೊರಟ ತಂದೆ ತಾಯಿಯ ಜೊತೆ ಬೆಂಗಳೂರಿನ ಬಸ್ ಹತ್ತುತ್ತಾರೆ. ಯುಗಾದಿಗೆ ಮರಳಿದಾಗ, ಚೆನ್ನಾಗಿ ಓದುತ್ತಿದ್ದವರೂ ಅಕ್ಷರ ಕೂಡಿಸಲು ತಡವರಿಸುತ್ತಾರೆ. ಈ ವರ್ಷ ದಾನಿಯೊಬ್ಬರು ಸ್ವಲ್ಪ ಹಣ ಕೊಡಲು ಒಪ್ಪಿದ್ದಾರೆ. ಅದನ್ನು ಯಾವುದಕ್ಕೆ ಬಳಸಿದರೆ ಮಕ್ಕಳಿಗೆ ನಿಜವಾದ ಉಪಯೋಗ?

ಸಿಂಧನೂರಿನ ಶಿಕ್ಷಕ:
ಹೊರಡುವ ಪ್ರತಿ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ), ತರಗತಿ ಬರೆದ ಚೀಟಿಯನ್ನು ತಾಯಿಯ ಕೈಗೆ ಕೊಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂದು ಹೋದ ಊರಿನ ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸ್ ಕಳುಹಿಸುವಂತಿಲ್ಲ. ಇದು ಪೋಷಕರಿಗೆ ಗೊತ್ತೇ ಇರುವುದಿಲ್ಲ.

ರಾಯಚೂರಿನ ಹಳೆಯ ಕಾರ್ಯಕರ್ತ:
ತಂಗಿ, ಹಣ ನನ್ನ ಕೈಯಲ್ಲಿದ್ದರೆ ಒಬ್ಬರ ಸಂಬಳಕ್ಕೆ ಇಡುತ್ತಿದ್ದೆ. ನಿಮ್ಮ ತಾಂಡಾದಲ್ಲೇ ಹುಟ್ಟಿ ಬೆಳೆದ, ಹತ್ತನೆಯ ತರಗತಿ ಮುಗಿಸಿದ, ಯಾರ ಮನೆಯ ಅಂಗಳಕ್ಕೂ ಸಲೀಸಾಗಿ ಹೋಗಬಲ್ಲ ಹುಡುಗಿಯನ್ನು ನೇಮಿಸಿಕೊಳ್ಳಿ. ಅವಳ ಕೆಲಸ ಆಗಸ್ಟ್‌ನಲ್ಲೇ ಶುರುವಾಗಬೇಕು. ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಯಾರಿಗೆ ಮುಂಗಡ ಕೊಟ್ಟಿದ್ದಾನೆ ಎಂಬುದು ಊರಿಗೆ ಮೊದಲೇ ಗೊತ್ತಿರುತ್ತದೆ. ಮುಂಗಡ ಪಡೆದ ದೊಡ್ಡವರನ್ನು ತಡೆಯುವುದು ಕಷ್ಟ. ಮಗು ಊರಲ್ಲೇ ಉಳಿಯುವಂತೆ ಮಾಡಬಹುದು.

ಆದರೆ ಯಾರ ಬಳಿ ಉಳಿಯಬೇಕು? ಅಜ್ಜಿ ಇದ್ದಾಳೆಯೇ, ಅವಳಿಗೆ ಅಡುಗೆ ಮಾಡುವ ಶಕ್ತಿ ಇದೆಯೇ? ಪಡಿತರ ಅಂಗಡಿಯ ಯಂತ್ರದಲ್ಲಿ ಅವಳ ಹೆಬ್ಬೆಟ್ಟು ಮೂಡುತ್ತದೆಯೇ? ದುಡಿದು ಸವೆದ ಬೆರಳಿನ ಗುರುತು ಎಷ್ಟೋ ಸಲ ಮೂಡುವುದಿಲ್ಲ. ಆಗ ಅಕ್ಕಿ ಸಿಗದೆ ಮಗುವೂ ಬಸ್ ಹತ್ತುತ್ತದೆ. ಶಾಲೆ ಬಿಡಲು ಇಂಥ ಕಾರಣಗಳಿರುತ್ತವೆ. ನೋಟ್‌ಬುಕ್ ಇಲ್ಲದ್ದಕ್ಕೆ ಬಿಟ್ಟವರು ಕಡಿಮೆ.

ಅಜ್ಜಿಯೂ ಇಲ್ಲದ ಮಕ್ಕಳಿಗಾಗಿ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನದ ಹಾಸ್ಟೆಲ್‌ಗೆ, ಅಂದರೆ ಗುಳೆಯ ತಿಂಗಳುಗಳಲ್ಲಿ ಮಕ್ಕಳು ಉಳಿಯುವ ಹಾಸ್ಟೆಲ್‌ಗೆ, ಅವಕಾಶವಿದೆ. ಮಗುವಿನ ಹೆಸರು, ವಯಸ್ಸು, ತರಗತಿ, ಹೊರಡುವ ತಿಂಗಳು ಇರುವ ಪಟ್ಟಿ ಮಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಸಹಿ ಹಾಕಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಹೆಸರುಗಳಿಲ್ಲದ ಮನವಿ ಕಡತದಲ್ಲೇ ಕೊಳೆಯುತ್ತದೆ. ಸರ್ಕಾರ ಮಾಡಬೇಕಾದ ಕೆಲಸವನ್ನು ಸರ್ಕಾರದಿಂದಲೇ ಮಾಡಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ದಾನಿಯ ಹಣ ಒಂದು ವರ್ಷಕ್ಕೆ ಮುಗಿಯುತ್ತದೆ, ಮಗುವಿನ ಓದು ಹತ್ತಾರು ವರ್ಷ ನಡೆಯಬೇಕು.

ಹಿಂದೆ ಬಿದ್ದ ಮಕ್ಕಳ ಬಗ್ಗೆಯೂ ಕೈ ಚೆಲ್ಲಬೇಡಿ. ಈಗಿನ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ದುಡಿಯುತ್ತಿದ್ದ ಮಕ್ಕಳನ್ನು ಶಿಬಿರಗಳಲ್ಲಿ ಇರಿಸಿಕೊಂಡು, ಓದು ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿತು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹದಿಮೂರರ ಹುಡುಗನನ್ನು ಎರಡನೆಯ ತರಗತಿಯಲ್ಲಿ ಕೂರಿಸಿದರೆ ನಾಚಿಕೆಯಿಂದಲೇ ಓಡಿಹೋಗುತ್ತಾನೆ. ವಯಸ್ಸಿಗೆ ತಕ್ಕ ತರಗತಿ, ಅದಕ್ಕೆ ಬೇಕಾದ ವಿಶೇಷ ತರಬೇತಿ ಎರಡೂ ಈಗ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನಲ್ಲಿವೆ. ಕೇಳಿ ಪಡೆಯಿರಿ.

ಕುಂದಾಪುರದ ಓದುಗಿ:
ಮಕ್ಕಳನ್ನೂ ಕೇಳಿ. ನಮ್ಮ ಕಡೆ ಮಕ್ಕಳ ಗ್ರಾಮಸಭೆಗಳಲ್ಲಿ ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆಯ) ಮಾತನ್ನು ಮಕ್ಕಳೇ ಎತ್ತಿದ್ದಾರೆ. ಮಳೆಗಾಲದಲ್ಲಿ ಹಳ್ಳ ದಾಟುವ ಭಯ ದಾಟುವವರಿಗೇ ಗೊತ್ತು. ನಿಮ್ಮ ಪಂಚಾಯಿತಿಯೂ ಈ ಸಭೆ ಕರೆಯಬೇಕು. ಗುಳೆಗೆ ಮೊದಲೇ ಕರೆಯಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಒತ್ತಾಯಿಸಿ. ಮಕ್ಕಳು ಹೊರಟ ಮೇಲೆ ಸಭೆ ನಡೆಸಿ ಏನು ಪ್ರಯೋಜನ?

ದೇವದುರ್ಗದ ಯುವತಿ ಸಂಘ:
ಎಲ್ಲರಿಗೂ ಧನ್ಯವಾದ. ಅಣ್ಣ, ಇನ್ನೊಂದು ಪ್ರಶ್ನೆ. ಊರಲ್ಲೇ ಉಳಿದ ಹುಡುಗಿಯರನ್ನೂ ಹತ್ತಿ ಬಿಡಿಸಲು ಬೆಳಗಿನ ಜಾವ ಟಂಟಂ ಆಟೊದಲ್ಲಿ ಕರೆದೊಯ್ಯುತ್ತಾರೆ. ಕೇಳಿದರೆ ‘ಮನೆಗೆಲಸ’ ಎನ್ನುತ್ತಾರೆ.

ರಾಯಚೂರಿನ ಹಳೆಯ ಕಾರ್ಯಕರ್ತ:
ಬೇರೆಯವರ ಹೊಲದ ಕೂಲಿ ಮನೆಗೆಲಸ ಆಗುವುದಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೂಲಿಗೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಕೆಲಸಕ್ಕೆ ಕೈಜೋಡಿಸುವುದಾದರೂ ಶಾಲೆಯ ಅವಧಿ ಬಿಟ್ಟೇ ಆಗಬೇಕು. ಮೊದಲು ಹೊಲದ ಮಾಲೀಕರನ್ನೂ ಟಂಟಂ ಚಾಲಕನನ್ನೂ ಪಂಚಾಯಿತಿಗೆ ಕರೆಸಿ, ತಾಯಂದಿರ ಎದುರಿಗೇ ಮಾತಾಡಿ. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹುಡುಗಿಯರು ಶಾಲೆಗೆ ಮರಳಿದ ಮೊದಲ ವಾರ ನಿಮ್ಮ ಸಂಘದ ಒಬ್ಬರು ದಿನವೂ ಅವರ ಜೊತೆ ಶಾಲೆಯವರೆಗೆ ನಡೆಯಿರಿ. ಪಟ್ಟಿಯ ನಮೂನೆ ನನ್ನ ಬಳಿ ಇದೆ, ಇಂದು ಸಂಜೆ ಇಲ್ಲೇ ಹಾಕುತ್ತೇನೆ.