ಬಯಲಿಗೆ ಬಿಟ್ಟ ಕೂಡಲೇ ಬೇಲಿಗುಂಟ ಓಡುವ ಕುದುರೆ: ಏನು ಮಾಡಲಿ?

ಕೊಪ್ಪಳದ ಸವಾರ:
ಎಲ್ಲರಿಗೂ ನಮಸ್ಕಾರ. ಒಂದೂವರೆ ತಿಂಗಳ ಹಿಂದೆ ಐದು ವರ್ಷದ ಹೆಣ್ಣು ಕುದುರೆ ತಂದೆ. ಮಾರ್ವಾಡಿ ಮಿಶ್ರ ತಳಿ, ಸುಮಾರು 350 ಕಿಲೋ ಇರಬಹುದು. ಮೊದಲಿದ್ದ ಕಡೆ ಜೊತೆಗೆ ಆರೇಳು ಕುದುರೆ ಇದ್ದವು. ನಮ್ಮಲ್ಲಿ ಇದೊಂದೇ.

ಲಾಯದಲ್ಲಿ ಬಲು ಸಾಧು. ಮನೆ ಹಿಂದಿನ ಅರ್ಧ ಎಕರೆಗೆ ಬಿಟ್ಟರೆ ಮುಗೀತು. ಬಾಲ ಎತ್ತಿಕೊಂಡು ಬೇಲಿಗುಂಟ ಓಟ, ಒಂದೇ ಸಮನೆ ಕೆನೆತ. ಹದಿನೈದು ನಿಮಿಷಕ್ಕೆ ಕುತ್ತಿಗೆಯೆಲ್ಲ ನೊರೆ ಬೆವರು, ಲದ್ದಿ ನೀರಾಗಿರುತ್ತದೆ. ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಎಲ್ಲಿ ಕಾಲು ಮುರಿದುಕೊಳ್ಳುತ್ತೋ ಅಂತ ಹೆದರಿ ನಾನೇ ಓಡಿಹೋಗಿ ಹಿಡಿದು ಒಳಗೆ ಕಟ್ಟುತ್ತೇನೆ. ಕಟ್ಟಿದ ಮರುಗಳಿಗೆ ಗೋದಲಿಗೆ ಬಾಯಿ ಹಾಕುತ್ತದೆ, ಏನೂ ಆಗೇ ಇಲ್ಲ ಅನ್ನೋ ಹಾಗೆ!

ಬೆಳಿಗ್ಗೆ ಎಂಟಕ್ಕೆ ಬಿಡುತ್ತೇನೆ. ಒಳಗೆ ಬಂದ ಮೇಲೆ ನೆನೆಸಿದ ಹುರುಳಿ ಎರಡು ಕಿಲೋ, ಜೊತೆಗೆ ಬೂಸಾ. ರಾತ್ರಿ ಏಳಕ್ಕೆ ಜೋಳದ ಕಣಿಕೆ ಒಂದು ಹೊರೆ. ಮಾರಿದವರನ್ನು ಕೇಳಿದರೆ "ಸುಮ್ನೆ ಬಿಡಿ, ಸುಸ್ತಾದ ಮೇಲೆ ತಾನೇ ನಿಲ್ಲುತ್ತೆ" ಅಂದರು. ನಿಲ್ಲುತ್ತಿಲ್ಲ.

ಸಿಂಧನೂರು ಲಾಯ:
ಸರ್, ಮೊದಲು ನೋವೇನಾದರೂ ಇದೆಯಾ ನೋಡಿ. ಸಂಜೆ ಲಾಯದಲ್ಲಿ ಆರಾಮಾಗಿ ನಿಂತಿರುವಾಗ ಕೆಳದವಡೆ ಮೂಳೆಯ ಅಂಚಿನ ಒಳಮಗ್ಗುಲಿಗೆ, ಬಾಯೊಳಗಲ್ಲ, ಹೊರಗೆ ಗದ್ದದಡಿಯಿಂದ ಎರಡು ಬೆರಳು ಇಡಿ. ನುಲಿದ ದಾರದಂತೆ ಒಂದು ನಾಡಿ ಬೆರಳಡಿ ಜಾರುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 28ರಿಂದ 44ರ ಒಳಗಿದ್ದರೆ ಸರಿ. ಜ್ವರ 38.5 ಡಿಗ್ರಿ ದಾಟಿದ್ದರೆ ಡಾಕ್ಟರಿಗೆ ತೋರಿಸಿ. ನೆಲ ಕೆರೆಯುವುದು, ಪಕ್ಕೆ ತಿರುತಿರುಗಿ ನೋಡುವುದು, ಬಿದ್ದು ಹೊರಳುವುದು, ಲದ್ದಿ ನಿಲ್ಲುವುದು: ಇದು ಕಂಡರೆ ಹೆದರಿಕೆಯಲ್ಲ, ಹೊಟ್ಟೆನೋವು. ಬೆಳಗಾಗಲಿ ಅಂತ ಕಾಯಬೇಡಿ.

ಅದೇನೂ ಇಲ್ಲ ಅಂದರೆ ನನ್ನ ಅನುಮಾನ ನಿಮ್ಮ ಗಡಿಯಾರದ ಮೇಲೆ. ಏಳಕ್ಕೆ ಹಾಕಿದ ಒಂದು ಹೊರೆ ಹತ್ತಕ್ಕೆ ಖಾಲಿ. ಅಲ್ಲಿಂದ ಬೆಳಿಗ್ಗೆ ಎಂಟರವರೆಗೆ ಬರಿ ಹೊಟ್ಟೆ. ಎತ್ತಿನ ಹಾಗೆ ಇದಕ್ಕೆ ಮೆಲುಕು ಇಲ್ಲ, ಅಲ್ವಾ? ತಿನ್ನಲಿ ಬಿಡಲಿ, ಕುದುರೆ ಹೊಟ್ಟೆಯಲ್ಲಿ ಹಗಲೂ ರಾತ್ರಿ ಆಮ್ಲ ಊರುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಅದು ಮೇಲ್ಭಾಗಕ್ಕೆ ಎರಚಿ ಉರಿಯುತ್ತದೆ. ಈಗ ಕುದುರೆ ಲೆಕ್ಕ ನೋಡಿ. ಹೊರಗೆ ಹಸಿವು ಮತ್ತು ಒಂಟಿತನ. ಕಿರುಚಿದರೆ ಬಾಗಿಲು ತೆರೆಯುತ್ತದೆ, ಒಳಗೆ ಹುರುಳಿ. ನಾವೇ ಕಲಿಸಿದ ಪಾಠ ಇದು. ಬೈಯುತ್ತಿಲ್ಲ, ನನ್ನ ಮೊದಲ ಕುದುರೆಗೆ ನಾನೂ ಇದನ್ನೇ ಕಲಿಸಿದ್ದೆ.

ಆ ತೂಕದ ಕುದುರೆಗೆ ದಿನಕ್ಕೆ ಸುಮಾರು ಏಳು ಕಿಲೋ ಒಣಮೇವು ಬೇಕು. ನಾಲ್ಕು ಸಲ ಹಾಕಿ, ಅದರಲ್ಲಿ ಒಂದು ರಾತ್ರಿ ಮಲಗುವ ಮುಂಚೆ. ಬಿಡುವ ಅರ್ಧ ಗಂಟೆ ಮುಂಚೆ ಎರಡು ಹಿಡಿಯಾದರೂ ಕಣಿಕೆ ತಿಂದಿರಲಿ. ದುಡಿಯದ ಕುದುರೆಗೆ ಎರಡು ಕಿಲೋ ಹುರುಳಿ ಜಾಸ್ತಿ ಆಯ್ತು. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಅರ್ಧಕ್ಕೆ ಇಳಿಸಿ, ಅದನ್ನೂ ಒಳಗಲ್ಲ, ಬಯಲಲ್ಲೇ ಕೊಡಿ.

ಇನ್ನು ಬಿಡುವ ರೀತಿ. ನಾಲ್ಕೈದು ದಿನ ಹಗ್ಗ ಬಿಚ್ಚಬೇಡಿ. ನೀವೇ ಹಿಡಿದುಕೊಂಡು ಜಾಗವೆಲ್ಲ ಸುತ್ತಾಡಿಸಿ. ಮೇವನ್ನು ಮೂರ್ನಾಲ್ಕು ಕಡೆ ಸಣ್ಣ ಸಣ್ಣ ಗುಡ್ಡೆ ಮಾಡಿ ಇಡಿ, ಪ್ರತಿ ಗುಡ್ಡೆ ಹತ್ತಿರ ನಿಲ್ಲಿ. ತಲೆ ತಗ್ಗಿಸಿ, ಮೂಗಿನಿಂದ ಬುಸ್ ಅಂತ ಉದ್ದ ಉಸಿರು ಬಿಟ್ಟು ಅಗಿಯೋಕೆ ಶುರು ಮಾಡಿತಾ? ಒಳಗೆ ಕರೆತರುವ ಹೊತ್ತು ಅದು. ನಾಲ್ಕೇ ನಿಮಿಷವಾದರೂ ಪರವಾಗಿಲ್ಲ. ಕಿರುಚುವಾಗ ಮಾತ್ರ ಬಾಗಿಲು ತೆರೆಯಬೇಡಿ. ಬಿಟ್ಟ ಮೇಲೆ ಓಟ ಕಿತ್ತರೆ ಹಗ್ಗ ಹಾಕಿ ಅಲ್ಲೇ ನಡೆಸಿ, ಶಾಂತವಾದ ಮೇಲೆ ಕರೆತನ್ನಿ. ಇನ್ನೊಂದು ಕುದುರೆ ಸಾಕುವುದು ಕಷ್ಟ ಅಂದರೆ ಒಂದು ಆಡು ಬಿಟ್ಟು ನೋಡಿ. ಎಲ್ಲ ಕುದುರೆಗೂ ಹೊಂದಲ್ಲ, ಹೊಂದಿದರೆ ಅರ್ಧ ಕೆಲಸ ಮುಗಿದ ಹಾಗೆ.

ಬಳ್ಳಾರಿ ಬಯಲು:
ಇಷ್ಟೆಲ್ಲ ಯಾಕ್ರೀ? ಮುಂಗಾಲು ಎರಡೂ ಸೇರಿಸಿ ಹಗ್ಗ ಕಟ್ಟಿ ಬಿಡಿ. ನಮ್ಮಜ್ಜ ಹಾಗೇ ಮೇಯಿಸುತ್ತಿದ್ದರು.

ಸಿಂಧನೂರು ಲಾಯ:
ಅಣ್ಣ, ಅಜ್ಜನ ಕುದುರೆಗೆ ಅದು ರೂಢಿ ಇತ್ತು, ಜೊತೆಗೆ ಶಾಂತವಾಗಿತ್ತು. ಹೆದರಿದ ಕುದುರೆಗೆ ಕಟ್ಟಿದರೆ ಮುಗ್ಗರಿಸಿ ಮೊಣಕಾಲು ಒಡೆದುಕೊಳ್ಳುತ್ತದೆ. ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಗೋಡೆ ಒಮ್ಮೆ ನಿಧಾನಕ್ಕೆ ನೋಡಿ. ಸಾಲು ಸಾಲು ಕುದುರೆ, ಪಕ್ಕದಲ್ಲೇ ನಡೆಯುವ ಆಳು. ನನಗೆ ಆ ಆಳಿನ ಮೇಲೇ ಕಣ್ಣು.

ಕೊಪ್ಪಳದ ಸವಾರ:
ಗಡಿಯಾರದ ವಿಷಯ ನೆತ್ತಿಗೆ ಹೊಡೆದ ಹಾಗಾಯ್ತು. ಇನ್ನೆರಡು ಪ್ರಶ್ನೆ. ನಮ್ಮದು ಎರೆ ಹೊಲ, ಈಗ ಬಿರುಕು ಬಿಟ್ಟಿದೆ. ಬೇಲಿ ಮುಳ್ಳುತಂತಿ, ಒಂದು ಕಡೆ ಬಳ್ಳಾರಿ ಜಾಲಿ. ಪಕ್ಕದ ಹೊಲದಲ್ಲಿ ಜೋಳ ಕೊಯ್ದ ಮೇಲೆ ಕೂಳೆ ಚಿಗುರಿದೆ, ಹಸಿರಿದೆ ಅಂತ ಅಲ್ಲಿ ಮೇಯಿಸಲಾ?

ಸಿಂಧನೂರು ಲಾಯ:
ಕೂಳೆ ಚಿಗುರು ಬೇಡವೇ ಬೇಡ! ಅದರಲ್ಲಿ ವಿಷ ಇರುತ್ತದೆ. ದನ ತಿಂದು ಸತ್ತ ಕಥೆ ನಿಮ್ಮೂರಲ್ಲೂ ಕೇಳಿರುತ್ತೀರಿ. ಕುದುರೆಗಾದರೆ ಮೂತ್ರಕೋಶ ಕೆಟ್ಟು ಹಿಂಗಾಲು ಸೋಲುವುದೂ ಉಂಟು. ಚೆನ್ನಾಗಿ ಒಣಗಿದ ಕಣಿಕೆ ಸಾಕು.

ಬಿರುಕಿನಲ್ಲಿ ಗೊರಸು ಸಿಕ್ಕಿದರೆ ಕಾಲು ತಿರುಚುತ್ತದೆ. ಲಾಯಕ್ಕೆ ಹೊಂದಿಕೊಂಡು 40 ಅಡಿಗೆ 40 ಅಡಿ ಜಾಗಕ್ಕೆ ಕಟ್ಟಿಗೆ ಅಡ್ಡಗಟ್ಟಿ. ಎರಡು ಟ್ರಾಲಿ ಮಸಾರಿ ಮಣ್ಣು ಸುರಿಸಿ ಬಿರುಕು ಮುಚ್ಚಿ. ಸದ್ಯಕ್ಕೆ ಅಷ್ಟೇ ಸಾಕು. ಓಡುವ ಕುದುರೆಗೆ ಮುಳ್ಳುತಂತಿ ಕಾಣುವುದೇ ಇಲ್ಲ. ತೆಗೆಯಲು ಆಗದಿದ್ದರೆ ಒಳಗಡೆ ಒಂದು ಮಾರು ಬಿಟ್ಟು ಹಗ್ಗ ಎಳೆದು ಬಿಳಿ ಬಟ್ಟೆ ತುಂಡು ಕಟ್ಟಿ. ಜಾಲಿ ಮುಳ್ಳು ಗೊರಸಿಗೆ ಚುಚ್ಚುತ್ತದೆ, ಉದುರಿದ ಕಾಯಿ ಜಾಸ್ತಿ ತಿಂದರೆ ಹೊಟ್ಟೆ ಕಟ್ಟುತ್ತದೆ. ಗುಡಿಸಿಬಿಡಿ. ಎಂಟಕ್ಕಲ್ಲ, ಆರಕ್ಕೇ ಬಿಡಿ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ.

ಕೊಪ್ಪಳದ ಸವಾರ (18 ದಿನದ ನಂತರ):
ನಾಡಿ 36 ಇತ್ತು, ಜ್ವರ ಇಲ್ಲ. ಮೊದಲ ವಾರ ಏನೂ ಬದಲಾಗಲಿಲ್ಲ, ನಿಜ ಹೇಳಬೇಕೆಂದರೆ ನಿಮ್ಮನ್ನು ಬೈದುಕೊಂಡೆ. ಒಂಬತ್ತನೇ ದಿನ ತಮ್ಮನ ಮನೆಯ ಆಡು ತಂದು ಬಿಟ್ಟೆ. ಅದು ಸೀದಾ ಹೋಗಿ ಮೇವಿನ ಗುಡ್ಡೆ ಮೇಲೆ ಹತ್ತಿ ನಿಂತಿತು. ಕುದುರೆ ಓಡುವುದನ್ನು ನಿಲ್ಲಿಸಿ ಕಿವಿ ಮುಂದೆ ಮಾಡಿ ನೋಡಿತು. ಆಮೇಲೆ ಬಂದು ಆಡಿನ ಕಾಲಡಿಯ ಕಣಿಕೆ ಎಳೆದು ತಿಂದಿತು. ನಿನ್ನೆ ಒಂದು ಗಂಟೆ ಹತ್ತು ನಿಮಿಷ ಬಯಲಲ್ಲಿತ್ತು, ಕುತ್ತಿಗೆ ಒಣಗಿತ್ತು, ಲದ್ದಿ ಗಟ್ಟಿ.

ಹೊಸ ತಾಪತ್ರಯ ಒಂದಿದೆ. ಹಾಲು ಕರೆಯೋಕೆ ಆಡನ್ನು ಮನೆಗೆ ಒಯ್ದರೆ ಮತ್ತೆ ಕೆನೆತ, ಮತ್ತೆ ಓಟ.

ಸಿಂಧನೂರು ಲಾಯ:
ಚೊಂಬು ತಗೊಂಡು ನೀವೇ ಬಯಲಿಗೆ ಹೋಗಿ ಸರ್. ಅಲ್ಲೇ ಕರೆಯಿರಿ.