ಆನ್‌ಲೈನ್ ಪಾಠಕ್ಕೆ ಯಾವ ಎಲ್‌ಎಂಎಸ್ ಒಳ್ಳೆಯದು?

ಪ್ರಶ್ನೆ
ನಾನು ಅಕೌಂಟೆನ್ಸಿ ಟೀಚರ್. ಪಾಠ ವಿಡಿಯೋ ಕಾಲ್‌ನಲ್ಲಿ, ನೋಟ್ಸ್ ವಾಟ್ಸಾಪ್ ಗ್ರೂಪ್‌ನಲ್ಲಿ, ಅಸೈನ್‌ಮೆಂಟ್ ಇಮೇಲ್‌ನಲ್ಲಿ ನಡೆಯುತ್ತಿದೆ. ಮಕ್ಕಳು ಜಾಸ್ತಿ ಆದ ಮೇಲೆ ಯಾರು ಕೊಟ್ಟರು, ಯಾರು ಕೊಟ್ಟಿಲ್ಲ ಅಂತ ಹುಡುಕುವುದೇ ದೊಡ್ಡ ಕೆಲಸವಾಗಿದೆ. ಮೂಡಲ್, ಕ್ಯಾನ್ವಾಸ್, ಗೂಗಲ್ ಕ್ಲಾಸ್‌ರೂಮ್ ಹೆಸರು ಕೇಳಿದ್ದೇನೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ 1
ಮೇಡಂ, ಎಲ್‌ಎಂಎಸ್ (ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಅಂದರೆ ವಿಡಿಯೋ ಕ್ಲಾಸ್ ಅಲ್ಲ. ಯಾರು ಸೇರಿದ್ದಾರೆ, ಯಾವ ಪಾಠ ನೋಡಿದ್ದಾರೆ, ಏನು ಒಪ್ಪಿಸಿದ್ದಾರೆ, ಎಷ್ಟು ಅಂಕ ಬಂತು, ಇಷ್ಟೂ ಒಂದೇ ಕಡೆ ಸಿಗುವ ಜಾಗ ಅದು. ಲೈವ್ ಕ್ಲಾಸ್ ಈಗಿರುವ ಹಾಗೆಯೇ ಇರಲಿ, ಅದರ ಲಿಂಕ್ ಇಲ್ಲಿ ಹಾಕಿದರೆ ಸಾಕು. ನೋಟ್ಸ್ ಹಂಚಿ, ಅಸೈನ್‌ಮೆಂಟ್ ತೆಗೆದುಕೊಂಡು, ಅಂಕ ಕೊಡುವುದಷ್ಟೇ ನಿಮ್ಮ ಕೆಲಸವಾದರೆ ಗೂಗಲ್ ಕ್ಲಾಸ್‌ರೂಮ್ ಧಾರಾಳವಾಗಿ ಸಾಕು. ಸಾಮಾನ್ಯ ಗೂಗಲ್ ಅಕೌಂಟ್ ಇದ್ದರೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಅದರಲ್ಲಿ ಕ್ವಿಜ್ ನಡೆಯುವುದು ಗೂಗಲ್ ಫಾರ್ಮ್ಸ್ ಮೂಲಕ, ಹಾಗಾಗಿ ಪರೀಕ್ಷೆಗಳೇ ಜಾಸ್ತಿ ಇದ್ದರೆ ಬೇಗ ಇಕ್ಕಟ್ಟಾಗುತ್ತದೆ.

ಉತ್ತರ 2
ಅಕೌಂಟೆನ್ಸಿ ಅಂದಿರಲ್ಲ, ಹಾಗಾದರೆ ಮೂಡಲ್‌ನ ಕ್ವಿಜ್ ಒಮ್ಮೆ ನೋಡಲೇಬೇಕು. ಅದರಲ್ಲಿ ‘ಕ್ಯಾಲ್ಕ್ಯುಲೇಟೆಡ್’ ಅಂತ ಒಂದು ಬಗೆಯ ಪ್ರಶ್ನೆ ಇದೆ. ಸೂತ್ರ ನೀವು ಬರೆಯುತ್ತೀರಿ, ಅಂಕಿಗಳಿಗೆ ಒಂದು ಮಿತಿ ಕೊಡುತ್ತೀರಿ, ಆಮೇಲೆ ಸವಕಳಿಯ ಒಂದೇ ಲೆಕ್ಕ ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ಅಂಕಿಯಲ್ಲಿ ಹೋಗುತ್ತದೆ, ಪಕ್ಕದವರ ಉತ್ತರ ನೋಡಿ ಬರೆದರೆ ಪ್ರಯೋಜನವಿಲ್ಲ, ತಿದ್ದುವ ಕೆಲಸವೂ ಅದರದ್ದೇ. ನನಗೆ ಇದು ತುಂಬಾ ಇಷ್ಟ. ಮೊದಲ ಪಾಠದಲ್ಲಿ ಇಷ್ಟು ಅಂಕ ಬಂದರೆ ಮಾತ್ರ ಎರಡನೆಯದು ತೆರೆಯುವ ಹಾಗೂ ಮಾಡಬಹುದು.

2002ರಿಂದ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು, ಲೈಸೆನ್ಸ್‌ಗೆ ದುಡ್ಡಿಲ್ಲ. ಆದರೆ ಸರ್ವರ್, ಬ್ಯಾಕಪ್, ಅಪ್‌ಗ್ರೇಡ್ ಯಾರಾದರೂ ನೋಡಿಕೊಳ್ಳಲೇಬೇಕು. ಕ್ರಾನ್ (ಸರ್ವರ್‌ನಲ್ಲಿ ಆಗಾಗ ತಾನಾಗಿಯೇ ಓಡುವ ಹಿನ್ನೆಲೆ ಕೆಲಸ) ನಿಂತರೆ ಇಮೇಲ್‌ಗಳೂ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು
ಆ ಕ್ವಿಜ್ ನನಗೆ ಬೇಕೇ ಬೇಕು! ಆದರೆ ಸರ್ವರ್ ಕೆಲಸ ನನ್ನಿಂದ ಆಗುವುದಿಲ್ಲ, ಸಹಾಯಕ್ಕೂ ಯಾರೂ ಇಲ್ಲ.

ಉತ್ತರ 2
ಹಾಗಾದರೆ ಹೋಸ್ಟಿಂಗ್ ಸೇರಿಯೇ ಸಿಗುವ ಮೂಡಲ್ ತೆಗೆದುಕೊಳ್ಳಿ, ಮೂಡಲ್‌ಕ್ಲೌಡ್ ಅದೇ. ಸರ್ವರ್ ಅವರು ನೋಡಿಕೊಳ್ಳುತ್ತಾರೆ. ಎಷ್ಟು ಜನ ಸೇರಬಹುದು, ಎಷ್ಟು ಜಾಗ ಅಂತ ಮೊದಲೇ ನೋಡಿ.

ಉತ್ತರ 3
ಉದ್ದುದ್ದ ಉತ್ತರ ತಿದ್ದುವುದೇ ಜಾಸ್ತಿ ಇದ್ದರೆ ಕ್ಯಾನ್ವಾಸ್ ಕೂಡ ನೋಡಿ, ಸ್ಪೀಡ್‌ಗ್ರೇಡರ್ ಅನ್ನುವ ಅದರ ತಿದ್ದುವ ಪರದೆಯಲ್ಲಿ ಮಕ್ಕಳ ಫೈಲ್ ಮೇಲೆಯೇ ಗುರುತು ಹಾಕಿ ಪಕ್ಕದಲ್ಲೇ ಅಂಕ ಕೊಡಬಹುದು.

ಯಾವುದನ್ನೇ ಆರಿಸಿ, ಬಿಡುವಾಗ ಏನೇನು ಹೊರಗೆ ತೆಗೆಯಬಹುದು ಅಂತ ಸೇರುವ ಮೊದಲೇ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ನನ್ನ ಮಟ್ಟಿಗೆ ಇದೇ ಮುಖ್ಯ. ವರ್ಷಗಟ್ಟಲೆ ಕೂತು ಮಾಡಿದ ಪ್ರಶ್ನೆಗಳು ನಿಮ್ಮವು, ಅಲ್ವಾ? ‘ಸ್ಕಾರ್ಮ್ ಸಪೋರ್ಟ್ ಇದೆ’ ಅಂದ ಮಾತ್ರಕ್ಕೆ ನೆಮ್ಮದಿ ಬೇಡ. ಸ್ಕಾರ್ಮ್ ಅಂದರೆ ಒಂದು ಎಲ್‌ಎಂಎಸ್‌ನ ಪಾಠ ಇನ್ನೊಂದರಲ್ಲೂ ನಡೆಯಲಿ ಅಂತ ಮಾಡಿದ ಒಂದು ಮಾದರಿ. ಸ್ಕಾರ್ಮ್ ಪ್ಯಾಕೇಜ್‌ನಲ್ಲಿ ಹೋಗುವುದು ಪಾಠ ಮಾತ್ರ, ಮಕ್ಕಳ ಅಂಕಗಳು ಅದರ ಜೊತೆ ಬರುವುದಿಲ್ಲ. ಟ್ರಯಲ್‌ನಲ್ಲೇ ಒಂದು ಚಿಕ್ಕ ಕೋರ್ಸ್ ಮಾಡಿ, ಪ್ರಶ್ನೆಗಳನ್ನೂ ಅಂಕಪಟ್ಟಿಯನ್ನೂ ಡೌನ್‌ಲೋಡ್ ಮಾಡಿ, ತೆರೆದು ನೋಡಿ. ಹಾಗೆಯೇ ವಿದ್ಯಾರ್ಥಿಯ ಲಾಗಿನ್‌ನಲ್ಲಿ, ಸಾಧಾರಣ ಫೋನ್‌ನಲ್ಲಿ, ನಿಧಾನವಾದ ನೆಟ್‌ನಲ್ಲಿ ಒಂದು ಅಸೈನ್‌ಮೆಂಟ್ ನೀವೇ ಒಪ್ಪಿಸಿ ನೋಡಿ.